ಫ್ರೆಂಚ್‌ನ ‘ತು’ ಎಲ್ಲಿ ಕೂರಬೇಕು?

ಪ್ರಶ್ನೆ: ‘ಎಲ್ಲ’ ಎಂಬ ಅರ್ಥದ ‘ತು’ ಒಮ್ಮೆ ನಾಮಪದದ ಮುಂದೆ, ಇನ್ನೊಮ್ಮೆ ಕ್ರಿಯಾಪದದ ಹತ್ತಿರ ಬರುತ್ತದೆ. ಕೆಲವೊಮ್ಮೆ ‘ತುಸ್’ ಎಂದೂ ಕೇಳಿಸುತ್ತದೆ. ನಿಯಮವೇನು?

ಉತ್ತರ: ಮೊದಲು ರೂಪಗಳು. ಪುಲ್ಲಿಂಗ ಏಕವಚನ ‘ತು’, ಬರೆಯುವುದು ಟಿ-ಒ-ಯು-ಟಿ. ಸ್ತ್ರೀಲಿಂಗದಲ್ಲಿ ಕೊನೆಗೆ ‘ಇ’ ಸೇರಿ ‘ತುತ್’. ಸ್ತ್ರೀಲಿಂಗ ಬಹುವಚನಕ್ಕೆ ‘ಎಸ್’ ಹತ್ತಿದರೂ ಉಚ್ಚಾರ ಅದೇ. ಪುಲ್ಲಿಂಗ ಬಹುವಚನದಲ್ಲಿ ಮಾತ್ರ ಕೊನೆಯ ‘ಟಿ’ ಬಿಟ್ಟುಹೋಗಿ ‘ಎಸ್’ ಬರುತ್ತದೆ. ಎರಡನ್ನೂ ಬರೆಯುವುದು ಹೊಸಬರ ಮಾಮೂಲಿ ತಪ್ಪು.

ನಾಮಪದದ ಜೊತೆ ಬಂದರೆ ಆರ್ಟಿಕಲ್‌ಗಿಂತಲೂ ಮೊದಲು ಇದರ ಜಾಗ: ‘ತು ಲೆ ಜೂರ್’ (ದಿನಾಲೂ), ‘ತುತ್ ಲಾ ನ್ವೀ’ (ರಾತ್ರಿಯಿಡೀ). ‘ಲೆ ತು ಜೂರ್’ ನಡೆಯುವುದಿಲ್ಲ. ‘ನನ್ನ’, ‘ಈ’ ಮುಂತಾದವುಗಳಿಗೂ ಇದೇ ಕ್ರಮ.

ಕನ್ನಡಿಗರು ಎಡವುವುದು ಸರ್ವನಾಮದಲ್ಲಿ. ‘ಮಕ್ಕಳೆಲ್ಲ ಬಂದರು’ ಎನ್ನುವ ರೂಢಿಯಲ್ಲಿ ‘ತುಸ್’ ಅನ್ನು ಮಕ್ಕಳ ಬೆನ್ನಿಗೇ ಅಂಟಿಸುತ್ತೇವೆ. ಫ್ರೆಂಚ್‌ನಲ್ಲಿ ಅದು ಸಹಾಯಕ ಕ್ರಿಯಾಪದ ಮತ್ತು ಕೃದಂತದ ನಡುವೆ ಕೂರುತ್ತದೆ: ‘ಲೆಜಾಂಫಾಂ ಸೋಂ ತುಸ್ ವನ್ಯೂ’. ಸಹಾಯಕ ಇಲ್ಲದಿದ್ದರೆ ಕ್ರಿಯಾಪದದ ನಂತರ: ‘ಇಲ್ ವಿಯೆನ್ ತುಸ್’. ನಾಮಪದ ಪಕ್ಕದಲ್ಲಿಲ್ಲದ ಈ ಬಳಕೆಯಲ್ಲೇ ‘ಎಸ್’ ಬಾಯಲ್ಲಿ ಕೇಳಿಸುವುದು.

ಪ್ರಶ್ನೆ: ‘ತುಂಬಾ, ಪೂರ್ತಿ’ ಎಂಬ ಅರ್ಥದಲ್ಲಿ ಗುಣವಾಚಕದ ಮುಂದೆ ಬಂದರೆ ಲಿಂಗ-ವಚನ ಬದಲಾಗುತ್ತದೆಯೇ?

ಉತ್ತರ: ಅಲ್ಲಿ ಅದು ಕ್ರಿಯಾವಿಶೇಷಣ, ಬದಲಾಗಬಾರದು. ಆದರೆ ವ್ಯಂಜನದಿಂದ ಶುರುವಾಗುವ ಸ್ತ್ರೀಲಿಂಗ ಪದದ ಮುಂದೆ ಬದಲಾಗುತ್ತದೆ: ‘ತುತ್ ಪತೀತ್’ (ತೀರಾ ಚಿಕ್ಕವಳು), ಬರವಣಿಗೆಯಲ್ಲಿ ‘ಇ’ ಬೇಕು. ಸ್ವರದ ಮುಂದೆ, ಉದಾಹರಣೆಗೆ ‘ತುತ್ ಎತೊನೇ’ (ಬೆರಗಾದವಳು), ‘ಇ’ ಬೇಡ. ಪದಗಳು ಕೂಡುವಾಗಲೇ ‘ತ್’ ಕೇಳಿಸುತ್ತದೆ. ಒಟ್ಟಿನಲ್ಲಿ ಕಿವಿಗೆ ಎರಡೂ ಒಂದೇ, ಎಡವಟ್ಟೆಲ್ಲ ಕಾಗದದ ಮೇಲೆ. ಇಲ್ಲಿ ‘ಇ’ ಹಾಕಿದರೂ ಪರೀಕ್ಷೆಯಲ್ಲಿ ತಪ್ಪೆನ್ನಬಾರದೆಂದು ಫ್ರಾನ್ಸ್‌ನ 1976ರ ಆದೇಶ ಹೇಳುತ್ತದೆ.

ಪುಲ್ಲಿಂಗ ಬಹುವಚನದಲ್ಲಿ ಒಂದಕ್ಷರಕ್ಕೆ ಅರ್ಥವೇ ಬೇರೆ. ‘ಇಲ್ ಸೋಂ ತು ಕೊಂತಾಂ’: ಅವರಿಗೆ ತುಂಬಾ ಖುಷಿ. ‘ಇಲ್ ಸೋಂ ತುಸ್ ಕೊಂತಾಂ’: ಅವರೆಲ್ಲರಿಗೂ ಖುಷಿ. ಸ್ತ್ರೀಲಿಂಗದ ‘ಎಲ್ ಸೋಂ ತುತ್ ಕೊಂತಾಂತ್’ ಮಾತ್ರ ಬರೆದರೂ ಓದಿದರೂ ಎರಡರ್ಥಕ್ಕೂ ಒಂದೇ. ‘ಎಲ್ಲರೂ’ ಎಂದು ಖಚಿತವಾಗಬೇಕಾದರೆ ಪದವನ್ನು ಕರ್ತೃವಿನ ಜಾಗಕ್ಕೆ ತನ್ನಿ: ‘ತುತ್ ಸೋಂ ಕೊಂತಾಂತ್’.