ಹೊಸ ಪ್ಲೇಟ್ ಹಾಕಿದ ಮೇಲೂ ಕ್ಲಚ್ ಜಾರುತ್ತಿದೆಯಾ?

ಪ್ರಶ್ನೆ: ನಮ್ಮದು ಡ್ಯುಯಲ್ ಕ್ಲಚ್ ಟ್ರ್ಯಾಕ್ಟರ್, ಅಂದರೆ ಗಾಡಿ ಓಡಲು ಒಂದು ಪ್ಲೇಟ್, ಹಿಂದೆ ಜೋಡಿಸುವ ಯಂತ್ರ ತಿರುಗಿಸಲು ಇನ್ನೊಂದು. ಹೋದ ತಿಂಗಳು ಎರಡೂ ಪ್ಲೇಟ್ ಹೊಸದು ಹಾಕಿಸಿದೆವು. ಈಗ ಟ್ರೈಲರ್ ತುಂಬ ಭತ್ತ ಹೇರಿಕೊಂಡು ಏರು ಹತ್ತಿದರೆ ಇಂಜಿನ್ ಅರಚುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ, ಸುಟ್ಟ ವಾಸನೆ ಬೇರೆ. ಮೆಕ್ಯಾನಿಕ್ ಪ್ಲೇಟ್ ಸರಿಯಿಲ್ಲ ಅನ್ನುತ್ತಾರೆ, ಅಂಗಡಿಯವರು ಫಿಟ್ಟಿಂಗ್ ಸರಿಯಿಲ್ಲ ಅನ್ನುತ್ತಾರೆ. ಯಾರನ್ನು ನಂಬೋಣ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಸದ್ಯಕ್ಕೆ ಇಬ್ಬರನ್ನೂ ಬಿಡಿ, ಒಂದು ಸ್ಕೇಲ್ ತಗೊಳ್ಳಿ. ಇಂಜಿನ್ ಬಂದ್ ಮಾಡಿ ಕ್ಲಚ್ ಪೆಡಲನ್ನು ಕೈಯಲ್ಲೇ ಒತ್ತಿ ನೋಡಿ. ಮೊದಲು ಸ್ವಲ್ಪ ದೂರ ಸಡಿಲವಾಗಿ ಹೋಗಿ ಆಮೇಲೆ ಬಿಗಿ ಹತ್ತಬೇಕು. ಆ ಸಡಿಲವೇ ಫ್ರೀ ಪ್ಲೇ. ಎಷ್ಟಿರಬೇಕು ಅಂತ ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇರುತ್ತದೆ, ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಸುಪಾಸು. ನಿಮ್ಮದರಲ್ಲಿ ಅದು ಇಲ್ಲವೇ ಇಲ್ಲ ಅಂದರೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಮುಂದೆ ಬಂದು ಕ್ಲಚ್ ಬಿಡಿಸುವ ಬೇರಿಂಗ್) ಯಾವಾಗಲೂ ಫಿಂಗರ್‌ಗಳ (ಅದು ಒತ್ತುವ ಸಣ್ಣ ಲಿವರ್‌ಗಳ) ಮೇಲೆ ಕೂತಿದೆ ಅಂತ ಅರ್ಥ, ಅಂದರೆ ನೀವು ಕಾಲಿಡದಿದ್ದರೂ ಕ್ಲಚ್ ಅರ್ಧ ಒತ್ತಿದ ಹಾಗೇ ಇದೆ. ಪೆಡಲಿನಿಂದ ಕ್ಲಚ್ಚಿಗೆ ಹೋಗುವ ರಾಡಿನ ಲಾಕ್‌ನಟ್ ಸಡಿಲಿಸಿ ಸರಿ ಮಾಡಿಕೊಳ್ಳಿ, ಹತ್ತು ನಿಮಿಷದ ಕೆಲಸ. ಪ್ಲೇಟ್ ಸವೆದಂತೆ ಈ ಸಡಿಲ ಕಮ್ಮಿಯಾಗುತ್ತಾ ಹೋಗುತ್ತದೆ. ಹೊಸ ಪ್ಲೇಟ್ ಕೂರುವಾಗಲೂ ಅಷ್ಟೇ, ಅದಕ್ಕೇ ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ನೋಡಬೇಕು. ಇದನ್ನು ಹೇಳುವ ಗ್ಯಾರೇಜಿನವರು ಕಮ್ಮಿ.

ಫ್ರೀ ಪ್ಲೇ ಸರಿಯಿದ್ದೂ ಜಾರಿದರೆ ಕ್ಲಚ್ ಹೌಸಿಂಗಿನ ತಳದ ತೂತು ನೋಡಿ. ಅಲ್ಲಿಂದ ಆಯಿಲ್ ತೊಟ್ಟಿಕ್ಕುತ್ತಿದೆಯಾ? ಕರೀ ಇಂಜಿನ್ ಆಯಿಲ್ ಆದರೆ ಕ್ರ್ಯಾಂಕಿನ (ಇಂಜಿನ್ನಿನ ಮುಖ್ಯ ಶಾಫ್ಟಿನ) ಹಿಂದಿನ ಸೀಲ್ ಹೋಗಿದೆ, ದಪ್ಪಗೆ ಘಾಟು ಹೊಡೆಯುವ ಗೇರ್ ಆಯಿಲ್ ಆದರೆ ಗೇರ್‌ಬಾಕ್ಸ್ ಕಡೆಯದು. ಆಯಿಲ್ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಹಾಕುವವರಿದ್ದಾರೆ, ಸುಮ್ನೆ ದಂಡ. ಬಿಸಿಯಾದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ.

ಮೂರನೆಯದು ಫ್ಲೈವೀಲ್, ಅಂದರೆ ಪ್ಲೇಟ್ ಒತ್ತಿಕೊಳ್ಳುವ, ಇಂಜಿನ್ ಹಿಂದಿನ ಭಾರದ ಚಕ್ರ. ನೀಲಿ ಕಲೆ, ಕೂದಲೆಳೆಯಂಥ ಬಿರುಕು ಇದ್ದಲ್ಲಿ ಹೊಸ ಪ್ಲೇಟ್ ಕೂರುವುದಿಲ್ಲ, ಲೇತಿನಲ್ಲಿ ಮುಖ ತೆಗೆಸಿ ಸಮ ಮಾಡಿಸಲೇಬೇಕು. ಬಿರುಕು ಆಳ ಇದ್ದರೆ ಫ್ಲೈವೀಲೇ ಬದಲಾಯಿಸಿ. ಪ್ಲೇಟ್ ಗುಳಿಯೊಳಗೆ ಕೂರುವ ಫ್ಲೈವೀಲ್ ಆದರೆ ಎಚ್ಚರ: ಒಳಮುಖದಿಂದ ಎಷ್ಟು ತೆಗೆದರೋ ಕವರ್ (ಪ್ಲೇಟನ್ನು ಒತ್ತಿ ಹಿಡಿಯುವ ಭಾಗ) ಬೋಲ್ಟ್ ಆಗುವ ಅಂಚಿನಿಂದಲೂ ಅಷ್ಟೇ ತೆಗೆಯಬೇಕು, ಇಲ್ಲಾಂದ್ರೆ ಒತ್ತಡ ಕಮ್ಮಿಯಾಗಿ ಮತ್ತೆ ಜಾರುತ್ತದೆ.

ಇನ್ನೊಂದು ಮಾತು. ರಸ್ತೆಯುದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಡ್ರೈವರ್ ಇದ್ದರೆ ಎಂಥ ಪ್ಲೇಟ್ ಹಾಕಿದರೂ ಅಷ್ಟೇ. ನಿಮ್ಮಲ್ಲಿ ಓಡಿಸುವವರು ಯಾರು, ವಿಚಾರಿಸಿ.

ಪ್ರಶ್ನೆ: ಮನೆ ಹತ್ತಿರವೇ ಟ್ರ್ಯಾಕ್ಟರನ್ನು ನಡುವೆ ಎರಡು ಭಾಗವಾಗಿ ಬಿಚ್ಚಿ ಕ್ಲಚ್ ಹಾಕಬಹುದಾ?
— ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಅನುಭವಸ್ಥ ಮೆಕ್ಯಾನಿಕ್ ಜೊತೆಗಿದ್ದು ನೆಲ ಗಟ್ಟಿ ಇದ್ದರೆ ಆಗುತ್ತದೆ. ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ ಮೇಲೆ ತೂಗುತ್ತಿರುತ್ತದೆ ಅಲ್ವಾ, ಹಿಂದಿನ ಭಾಗ ಬೇರೆಯಾದ ಕೂಡಲೇ ಇಂಜಿನ್ ಒಂದು ಕಡೆ ವಾಲಿಬಿಡುತ್ತದೆ. ಹಾಗಾಗಿ ಬೋಲ್ಟ್ ಮುಟ್ಟುವ ಮೊದಲೇ ಆಕ್ಸಲ್‌ಗೂ ಮೇಲಿನ ಸಪೋರ್ಟಿಗೂ ನಡುವೆ ಎರಡೂ ಬದಿ ಮರದ ಬೆಣೆ ಬಡಿಯಿರಿ. ಎರಡೂ ಭಾಗಕ್ಕೆ ಸ್ಟ್ಯಾಂಡ್ ಇರಲಿ, ಬರೀ ಜಾಕ್ ನಂಬಬೇಡಿ. ಹಳೇ ಪ್ಲೇಟಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಏರ್ ಹೊಡೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಸ ಪ್ಲೇಟನ್ನು ಯಾವ ಮುಖ ಫ್ಲೈವೀಲ್ ಕಡೆ ಅಂತ ನೋಡಿಯೇ ಇಡಿ, ಡಮ್ಮಿ ಶಾಫ್ಟ್ ತೂರಿಸಿ ನಡುವಿಗೆ ತಂದ ಮೇಲೆ ಕವರ್ ಬೋಲ್ಟ್‌ಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಫಿಂಗರ್‌ಗಳೆಲ್ಲ ಒಂದೇ ಎತ್ತರಕ್ಕಿವೆಯಾ ಅಂತ ಗೇಜ್ ಹಿಡಿದು ನೋಡದೆ ಟ್ರ್ಯಾಕ್ಟರ್ ಜೋಡಿಸಬೇಡಿ.