ಪ್ರತಿಕ್ರಿಯೆ: ಚಾರಣಕ್ಕೆ ಒಣಗಿಸಿದ ಸಿಗಡಿ ಮೆತ್ತಗಾಗುತ್ತಿಲ್ಲ

ಇಪ್ಪತ್ತು ನಿಮಿಷ ಕುದಿಸಿದರೂ ಸಿಗಡಿ ರಬ್ಬರಿನಂತೆಯೇ ಇದೆ ಅಂದರೆ, ಬಹುಶಃ ದೊಡ್ಡ ಸಿಗಡಿಯನ್ನು ಇಡಿಯಾಗಿ, ಜಾಸ್ತಿ ಶಾಖದಲ್ಲಿ ಒಣಗಿಸಿದ್ದೀರಿ. ಹೊರಪದರ ಮೊದಲೇ ಗಟ್ಟಿಯಾದರೆ ಒಳಗಿನ ತೇವ ಹೊರಗೆ ಬರುವುದಿಲ್ಲ, ಆಮೇಲೆ ನೀರೂ ಒಳಗೆ ಇಳಿಯುವುದಿಲ್ಲ. ಕುದಿಸದೆ ಉಳಿದ ಒಣ ಸಿಗಡಿ ಒಂದನ್ನು ಮುರಿದು ನೋಡಿ. ನಡುಭಾಗ ಮೆತ್ತಗಿದ್ದರೆ ಅಷ್ಟನ್ನೂ ಎಸೆಯಿರಿ, ತಿನ್ನಬೇಡಿ.

ಮುಂದಿನ ಸಲ ಚಿಕ್ಕ ಸಿಗಡಿ ತನ್ನಿ. ಸಿಪ್ಪೆ, ಬೆನ್ನಿನ ಕಪ್ಪು ನರ ತೆಗೆದು, ಉಪ್ಪುನೀರಿನಲ್ಲಿ 2–3 ನಿಮಿಷ ಬೇಯಿಸಿ, ಉದ್ದಕ್ಕೆ ಸೀಳಿ. ಎಣ್ಣೆ ಸೋಕಿಸಬೇಡಿ, ಬೇಗ ಕಮಟು ಹಿಡಿಯುತ್ತದೆ. ಡಿಹೈಡ್ರೇಟರಿನಲ್ಲಿ (ಆಹಾರ ಒಣಗಿಸುವ ಯಂತ್ರ) 65–70 ಡಿಗ್ರಿ ಸೆಲ್ಸಿಯಸ್‌ಗೆ 6ರಿಂದ 8 ಗಂಟೆ ಸಾಕಾಗಬಹುದು. ಮಳೆಗಾಲದಲ್ಲಿ ಎಷ್ಟು ಹೊತ್ತು ಎಂದು ಖಚಿತವಾಗಿ ಹೇಳುವುದು ಕಷ್ಟ. ಬಗ್ಗಿಸಿದರೆ ಪಟ್ಟನೆ ಮುರಿಯಬೇಕು, ಅದೇ ಲೆಕ್ಕ.

ಆದರೆ ಇಷ್ಟೆಲ್ಲ ಕಷ್ಟಕ್ಕಿಂತ ಮಂಗಳೂರು, ಮಲ್ಪೆ, ಕಾರವಾರ ಕಡೆಯ ಒಣಮೀನು ಅಂಗಡಿಯಲ್ಲಿ ಸಿಗುವ ಸಣ್ಣ ಒಣ ಸಿಗಡಿಯೇ ಚಾರಣಕ್ಕೆ ಹೇಳಿಮಾಡಿಸಿದ್ದು. ತಲೆ, ಬಾಲ, ಕಾಲು ಚಿವುಟಿ, ಜರಡಿಯಲ್ಲಿ ಮರಳು ಜಾಡಿಸಿ, ಎಣ್ಣೆಯಿಲ್ಲದೆ ಸಣ್ಣ ಉರಿಯಲ್ಲಿ 5–6 ನಿಮಿಷ ಹುರಿಯಿರಿ. ಬೆರಳಲ್ಲಿ ಹಿಸುಕಿದರೆ ಪುಡಿಯಾಗಬೇಕು. ಬಿಸಿ ಇರುವಾಗಲೇ ತುಂಬಿದರೆ ಚೀಲದೊಳಗೆ ಬೆವರಿ ಬೂಸ್ಟು ಬರುತ್ತದೆ. ಪೂರ್ತಿ ಆರಿಸಿ, ಒಂದರೊಳಗೊಂದು ಎರಡು ಜಿಪ್ ಚೀಲದಲ್ಲಿಡಿ. ಒಂದೇ ಚೀಲವಾದರೆ ಬ್ಯಾಗಿನ ಬಟ್ಟೆಯೆಲ್ಲ ನಾರುತ್ತದೆ.

ಒಬ್ಬರಿಗೆ 20 ಗ್ರಾಂ ಸಾಕು. ಒಲೆ ಹಚ್ಚುವ ಅರ್ಧ ಗಂಟೆ ಮೊದಲು ತಣ್ಣೀರಿನಲ್ಲಿ ನೆನೆಹಾಕಿ, ಅದೇ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಆಮೇಲೆ ಶಾವಿಗೆ ಹಾಕಿ. ಸಿಗಡಿಯಲ್ಲೇ ಉಪ್ಪಿರುವುದರಿಂದ, ರುಚಿ ನೋಡಿ ಕೊನೆಗೆ ಉಪ್ಪು ಹಾಕಿ.