ಪೊಲೀಸಪ್ಪ ಬಾಗಿಲಿಗೆ ಬರೋ ಮೊದಲು ಅಪ್ಪನಿಗೆ ಹೇಳು

ಪ್ರಶ್ನೆ: ಅಕ್ಕಾ, ನನಗೆ 27 ವರ್ಷ. ಊರು ಮೂಡಿಗೆರೆ ತಾಲ್ಲೂಕು, ಕೆಲಸ ಹಾಸನದ ಒಂದು ಖಾಸಗಿ ಕಂಪನಿಯ ಅಕೌಂಟ್ಸ್‌ನಲ್ಲಿ. ಡಿಗ್ರಿ ಓದುವಾಗ ಹಾಸ್ಟೆಲ್ಲಿನ ಒಂದೇ ರೂಮಲ್ಲಿದ್ದ ನಾವು ನಾಲ್ವರು ಈ ಡಿಸೆಂಬರ್ 10ಕ್ಕೆ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ಹೊರಡೋಣ ಅಂತ ಮಾಡಿದೀವಿ. ಬ್ಯಾಂಕಾಕ್, ಕಾಂಬೋಡಿಯಾದ ಸಿಯೆಮ್ ರೀಪ್, ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿ, ಹೋಯಿ ಆನ್, ಹನೋಯಿ, ಕೊನೆಗೆ ಥಾಯ್ಲೆಂಡಿನ ಕೊ ಸಮುಯಿ ಬೀಚು. 28 ದಿನ, ತಲೆಗೆ ಒಂದೂ ಮುಕ್ಕಾಲು ಲಕ್ಷ. ಅವರು ಮೂವರೂ ಬೆಂಗಳೂರಲ್ಲಿ ಐಟಿ. ನನ್ನ ಹತ್ರ ಇರೋದು 90 ಸಾವಿರ. ‘ಉಳಿದಿದ್ದು ನಾವು ಹಾಕ್ತೀವಿ ಬಿಡೇ, ಆಮೇಲೆ ನೋಡ್ಕೊಳ್ಳೋಣ’ ಅಂತಾರೆ. ಮನೇಲಿ ನಾಲ್ಕು ಎಕರೆ ಕಾಫಿ. ಅದೇ ಟೈಮಿಗೆ ಕುಯ್ಲು. ಶನಿವಾರ, ಭಾನುವಾರ ಹೋಗಿ ತೂಕ ಬರೆಯೋದು, ಬಟವಾಡೆ ಲೆಕ್ಕ ನೋಡೋದು ನಾನೇ. ತಮ್ಮ ಇಂಜಿನಿಯರಿಂಗ್ ಓದ್ತಾನೆ. ಅವನು ಹೋದ ವರ್ಷ ಗೋವಾಕ್ಕೆ ಹೋದಾಗ ಯಾರೂ ಏನೂ ಕೇಳಲಿಲ್ಲ. ನನಗೆ ಸಂಬಂಧ ನೋಡ್ತಿದಾರೆ, ಅಮ್ಮನಿಗೆ ಎಲ್ಲದಕ್ಕೂ ‘ಹುಡುಗನ ಕಡೆಯವರು ಏನಂತಾರೋ’ ಅನ್ನೋ ಭಯ. ಅದಕ್ಕೇ ಬೆಂಗಳೂರಲ್ಲಿ ಒಂದು ತಿಂಗಳು ಕಂಪನಿ ಟ್ರೈನಿಂಗ್ ಅಂತ ಹೇಳಿಬಿಡೋಣ ಅಂದ್ಕೊಂಡಿದೀನಿ. ಪಾಸ್‌ಪೋರ್ಟಿಗೆ ಇನ್ನೂ ಹಾಕಿಲ್ಲ. ಹೋಗಲೋ ಬೇಡವೋ?

ಹೆಸರು ಬೇಡ, ಮೂಡಿಗೆರೆ ತಾಲ್ಲೂಕು

ತಂಗೀ,

ಹೋಗಬೇಕು ಕಣಮ್ಮಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಟ್ರೈನಿಂಗ್ ಕಥೆಯನ್ನ ಇವತ್ತೇ ಕೈಬಿಡು. ನೀನು ಎಷ್ಟೇ ಜಾಣೆಯಾದರೂ ಅದು ನಿಲ್ಲಲ್ಲ. ಪಾಸ್‌ಪೋರ್ಟಿಗೆ 1,500 ರೂಪಾಯಿ ಕಟ್ಟಿ ಅರ್ಜಿ ಹಾಕ್ತೀಯ. ಆಧಾರಲ್ಲಿರೋದು ಊರಿನ ವಿಳಾಸ ತಾನೆ? ಕೆಲವು ದಿನ ಕಳೆದು ಠಾಣೆಯಿಂದ ವೆರಿಫಿಕೇಶನ್ನಿಗೆ ಒಬ್ಬರು ಬೈಕಲ್ಲಿ ನಿಮ್ಮ ತೋಟದ ರಸ್ತೆಗೆ ಇಳೀತಾರೆ. ಕಣದಲ್ಲಿ ಕಾಫಿ ಹರವುತ್ತಾ ನಿಂತ ನಿಮ್ಮಪ್ಪನ್ನ ನೋಡಿ ‘ಮಗಳು ಯಾವ ದೇಶಕ್ಕೆ ಹೊರಟಿರೋದು ಯಜಮಾನ್ರೇ?’ ಅಂತಾರೆ. ಆಗ ಅಪ್ಪನ ಕೈಯಲ್ಲಿರೋ ಹಲುಬೆ ನಿಂತುಬಿಡುತ್ತಲ್ಲ, ಆ ಹೊತ್ತು ನಿನಗೆ ಬೇಡ.

ಸುಳ್ಳು ಪಾಪ ಅಂತ ಪಾಠ ಹೇಳೋ ಯೋಗ್ಯತೆ ನನಗಿಲ್ಲ. ಧರ್ಮಸ್ಥಳಕ್ಕೆ ಅಂತ ಹೇಳಿ ಗೋಕರ್ಣಕ್ಕೆ ಹೋದವಳು ನಾನು. ಆದರೆ ಆ ಸುಳ್ಳಿಗೆ ಎರಡು ದಿನದ ಆಯಸ್ಸು ಸಾಕಿತ್ತು. 28 ದಿನದ ಸುಳ್ಳಿಗೆ ದಿನಾ ಮೇವು ಹಾಕಬೇಕು. ಅಮ್ಮ ವಿಡಿಯೋ ಕಾಲ್ ಮಾಡಿದಾಗ ಹಿಂದೆ ಕಾಣೋ ಬೋರ್ಡಿನ ಅಕ್ಷರ, ಒಂದೂವರೆ ಗಂಟೆ ಮುಂದೆ ಓಡೋ ಗಡಿಯಾರ, ಇಲ್ಲಿ ಇನ್ನೂ ಬಿಸಿಲಿರುವಾಗ ಅಲ್ಲಿ ಕತ್ತಲು. ಡೆಂಗಿ ಬಂದು ಎಲ್ಲೋ ಮಲಗಿದೆ ಅಂತಿಟ್ಟುಕೋ, ಆಸ್ಪತ್ರೆಯವರು ಕೇಳಿದಾಗ ಯಾರ ನಂಬರ್ ಕೊಡ್ತೀಯ?

ಇದಕ್ಕಿಂತ ನನ್ನ ಚುಚ್ಚಿದ್ದು ದುಡ್ಡಿನ ಮಾತು. ಮನೆಯವರ ಬಗ್ಗೆ ಅರ್ಧ ಕಾಗದ ಬರೆದವಳು ಗೆಳತಿಯರ 85 ಸಾವಿರದ ಬಗ್ಗೆ ಒಂದೇ ಸಾಲು ಬರೆದು ದಾಟಿಬಿಟ್ಟಿದೀಯ. ಅಕೌಂಟ್ಸ್‌ನವಳು ನೀನು, ‘ಆಮೇಲೆ ನೋಡ್ಕೊಳ್ಳೋಣ’ ಅನ್ನೋ ಖಾತೆ ಯಾವ ಲೆಡ್ಜರಲ್ಲಿದೆ ಹೇಳು.

2013ರಲ್ಲಿ ನಾವು ಮೂವರು ಹೀಗೇ ಥಾಯ್ಲೆಂಡಿಗೆ ಹೋಗಿದ್ವಿ. ಒಬ್ಬಳಿಗೆ ಕೈ ಬಿಗಿಯಿತ್ತು. ‘ನಾನು ಹಾಕ್ತೀನಿ ಬಾರೇ’ ಅಂದವಳು ನಾನು, ಮನಸ್ಸಿಟ್ಟೇ ಅಂದಿದ್ದೆ. ಆರು ದಿನ ಚೆನ್ನಾಗಿ ಕಳೀತು. ಏಳನೇ ದಿನ ಕ್ರಾಬಿಯ ರಾತ್ರಿ ಸಂತೆಯಲ್ಲಿ ಮಾವಿನಹಣ್ಣು ಹೆಚ್ಚಿಟ್ಟು ತೆಂಗಿನ ಹಾಲು ಸುರಿದ ಅಂಟು ಅನ್ನ ತಿಂದೆವು. ಅವಳು ಎರಡನೇ ತಟ್ಟೆಗೆ ಕೈ ಚಾಚಿದಳು. ನನ್ನ ಕಣ್ಣು ನನಗೇ ಗೊತ್ತಿಲ್ಲದ ಹಾಗೆ ಗಾಡಿಗೆ ನೇತುಹಾಕಿದ್ದ ರೇಟ್ ಬೋರ್ಡಿಗೆ ಹೋಯ್ತು. ಅವಳು ಅದನ್ನ ನೋಡಿಬಿಟ್ಟಳು. ತಟ್ಟೆ ವಾಪಸ್ ಇಟ್ಟಳು. ಮಾರನೇ ದಿನದಿಂದ ಎಲ್ಲಿ ಕೂತರೂ ‘ನಂಗೆ ಹಸಿವಿಲ್ಲ’. ದುಡ್ಡು ಎರಡು ವರ್ಷದಲ್ಲಿ ಪೈಸೆ ಬಾಕಿಯಿಲ್ಲದೆ ಬಂತು. ಅವಳ ಫೋನು ಮಾತ್ರ ಈಗ ಯುಗಾದಿಗೊಂದು ಸಲ.

ನಿನ್ನ ಗೆಳತಿಯರು ನನಗಿಂತ ದೊಡ್ಡ ಮನಸ್ಸಿನವರಿರಬಹುದು. ಆದರೂ ತಗೋಬೇಡ. ಗ್ರೂಪಲ್ಲಿ ಮೆಸೇಜ್ ಹಾಕದೆ ಒಬ್ಬೊಬ್ಬರಿಗೂ ಫೋನ್ ಮಾಡು. ‘ನನ್ನ ಹತ್ರ 90 ಇದೆ, ಹದಿನೈದು ಕೈಕಾವಲಿಗೆ ಇಟ್ಕೋತೀನಿ, 75ಕ್ಕೆ ಎಷ್ಟು ದಿನ ಆಗುತ್ತೋ ಅಷ್ಟು ದಿನ ಬರ್ತೀನಿ’ ಅನ್ನು. ವಿಯೆಟ್ನಾಂ ಒಂದನ್ನೇ ಹಿಡಿದರೆ ಹನ್ನೆರಡು ದಿನ ಆರಾಮಾಗಿ ಆಗುತ್ತೆ. ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹೆಂಗಸರಿಗೇ ಅಂತ ಇರೋ ಡಾರ್ಮಿಟರಿಯಲ್ಲಿ ಒಂದು ಹಾಸಿಗೆ ರಾತ್ರಿಗೆ ಸಾವಿರದೊಳಗೆ ಸಿಗುತ್ತೆ. ಅಲ್ಲದೆ 28 ದಿನ ರಜೆ ನಿನ್ನ ಕಂಪನಿ ಕೊಡುತ್ತಾ? ಅದನ್ನ ನೀನು ಬರೆದೇ ಇಲ್ಲ.

ಸಿಯೆಮ್ ರೀಪ್ ಬಿಡು ಅನ್ನೋಕೆ ನನಗೂ ಸಂಕಟ. ಬೇಲೂರಲ್ಲಿ ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನ್ನ ಪ್ರತಿಷ್ಠೆ ಮಾಡಿಸಿದಾಗ ಕಾಂಬೋಡಿಯಾದಲ್ಲಿ ಎರಡನೇ ಸೂರ್ಯವರ್ಮ ಪಟ್ಟಕ್ಕೆ ಬಂದು ನಾಲ್ಕೇ ವರ್ಷ ಆಗಿತ್ತು. ಸಿಯೆಮ್ ರೀಪ್ ಪಕ್ಕದ ಅಂಕೋರ್ ವಾಟ್ ದೇವಸ್ಥಾನ ಕಟ್ಟಿಸಿದವನು ಅವನೇ. ವಾರಾ ವಾರಾ ಬಸ್ಸಲ್ಲಿ ಬೇಲೂರು ದಾಟೋ ನಿನಗೆ ಅದನ್ನ ನೋಡೋ ಆಸೆ ಬೇರೆಯವರಿಗಿಂತ ಒಂದು ಗುಲಗಂಜಿ ಜಾಸ್ತಿಯೇ ಇರಬೇಕು. ಆದರೆ ಅಲ್ಲಿ ಒಂದು ದಿನದ ಪಾಸಿಗೇ 37 ಡಾಲರ್, ಮೂರು ದಿನಕ್ಕೆ 62. ಬ್ಯಾಂಕಾಕಿಂದ ಬಸ್ಸಲ್ಲಿ ಹೋಗ್ತೀವಿ ಅನ್ನೋದಾದರೆ, 2025ರಲ್ಲಿ ಎರಡೂ ದೇಶಗಳ ಸೈನ್ಯ ಹೊಡೆದಾಡಿಕೊಂಡಾಗ ಆ ಭೂಗಡಿ ಮುಚ್ಚಿತ್ತು. ಟಿಕೆಟ್ ಮಾಡೋ ಮೊದಲು ವಿಚಾರಿಸಿ.

ಡಿಸೆಂಬರ್ ಅಂತ ಯಾರು ಆರಿಸಿದ್ದೋ! ಥಾಯ್ಲೆಂಡಿಗೆ ಎರಡು ಕರಾವಳಿ, ಎರಡು ಮಳೆಗಾಲ. ಫುಕೆಟ್, ಕ್ರಾಬಿ ಕಡೆ ಮಳೆ ಹೆಚ್ಚುಕಮ್ಮಿ ನಮ್ಮ ಹಾಗೇ, ಮೇಯಿಂದ ಅಕ್ಟೋಬರ್. ನೀವು ಬರೆದಿರೋ ಕೊ ಸಮುಯಿ ಕೊಲ್ಲಿ ಕಡೆಯದು, ಅದಕ್ಕೆ ಜೋರು ಮಳೆ ಅಕ್ಟೋಬರಿಂದ ಡಿಸೆಂಬರ್. ಹೋಯಿ ಆನಿಗೂ ಡಿಸೆಂಬರಲ್ಲಿ ಮಳೆ ಪೂರ್ತಿ ಬಿಟ್ಟಿರಲ್ಲ. ಮೇಲಿಂದ ಕ್ರಿಸ್‌ಮಸ್, ಹೊಸವರ್ಷದ ರೇಟು. ಮಾರ್ಚಿಗೆ ಹಾಕಿ ಅಂತ ಬರೆಯೋಕೆ ಹೊರಟಿದ್ದೆ, ಅಷ್ಟರಲ್ಲಿ ನೆನಪಾಯ್ತು, ಅಕೌಂಟ್ಸ್‌ನವರಿಗೆ ಮಾರ್ಚಲ್ಲಿ ರಜೆ ಕೊಡೋ ಕಂಪನಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಫೆಬ್ರವರಿ ಕೊನೇ ಎರಡು ವಾರ. ಹೋಯಿ ಆನ್ ಒಣಗಿರುತ್ತೆ. ಹನೋಯಿಯಲ್ಲಿ ಮಾತ್ರ ಕೊಟ್ಟಿಗೆಹಾರದ ಮಂಜಿನ ಹಾಗೆ ಜಿಟಿಜಿಟಿ, ಒಂದು ಸ್ವೆಟರ್ ಇರಲಿ. ಅವರ ಹೊಸವರ್ಷ ಟೆಟ್ ಹಬ್ಬ ಜನವರಿ ಕೊನೆಗೋ ಫೆಬ್ರವರಿಗೋ ಬರುತ್ತೆ, ಆ ವಾರ ಬಸ್ಸು ರೈಲು ಸಿಗೋದು ಕಷ್ಟ, ತಾರೀಕು ನೋಡಿಕೊಂಡು ಹೊರಡಿ.

ಆ ಹೊತ್ತಿಗೆ ಅರೇಬಿಕಾ ಮುಗಿದು ರೋಬಸ್ಟಾ ಕುಯ್ಲಿನ ಬಾಲ ಉಳಿದಿರುತ್ತೆ. ಸಂಜೆ ಚೀಲಗಳನ್ನ ಸಾಲಾಗಿ ಇಳಿಸಿ, ಒಂದೊಂದನ್ನೇ ತಕ್ಕಡಿ ಕೊಕ್ಕೆಗೆ ಹಾಕಿ, ಯಾರದು ಎಷ್ಟು ಕೇಜಿ ಅಂತ ಪುಸ್ತಕದಲ್ಲಿ ಬರೆಯೋಕೆ ಬೇಕಾದದ್ದು ಒಂದು ಪೆನ್ನು, ಎರಡು ಕಣ್ಣು. ಇಂಜಿನಿಯರಿಂಗ್ ಓದೋ ನಿನ್ನ ತಮ್ಮನಿಗೆ ಅವೆರಡೂ ಇವೆ. ಜನವರಿಯಲ್ಲೇ ಎರಡು ವಾರ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸು. ಬಟವಾಡೆ ದಿನ ಎರಡು ಸಲ ಬೈಸಿಕೊಂಡರೆ ತಾನೇ ಸರಿಹೋಗ್ತಾನೆ.

ಗೆಳತಿಯರು ತಾರೀಕು ಬದಲಿಸಲ್ಲ ಅಂದರೆ? ಮೂವರಲ್ಲಿ ಒಬ್ಬಳಾದರೂ ಒಪ್ತಾಳೆ ಅಂತ ನನ್ನ ಲೆಕ್ಕ. ಇಬ್ಬರ ತಿರುಗಾಟ ನಾಲ್ವರದ್ದಕ್ಕಿಂತ ಸಲೀಸು, ಜಗಳ ಆದರೆ ಪಕ್ಷ ಕಟ್ಟೋಕೆ ಮೂರನೆಯವಳಿರಲ್ಲ. ಒಬ್ಬಳೂ ಒಪ್ಪದಿದ್ದರೆ ಅವರು ಡಿಸೆಂಬರಲ್ಲಿ ಹೋಗಿಬರಲಿ. ಫೋಟೋ ನೋಡಿ ನಿನಗೆ ಹೊಟ್ಟೆ ಉರಿಯುತ್ತೆ, ಉರೀಲಿ.

ಈಗ ಅಪ್ಪ. ಸಂಜೆ ಮೊಬೈಲಲ್ಲಿ ಕಾಫಿ ರೇಟ್ ನೋಡದ ಬೆಳೆಗಾರರನ್ನ ನಾನು ನಮ್ಮ ಕಡೆ ಕಂಡಿಲ್ಲ. ಲಂಡನ್ ಮಾರ್ಕೆಟ್ಟಿನ ಆ ರೋಬಸ್ಟಾ ರೇಟನ್ನ ಏರಿಸೋದು ಇಳಿಸೋದು ಬಹುಪಾಲು ವಿಯೆಟ್ನಾಂ; ಲೋಕದಲ್ಲಿ ಅತಿ ಹೆಚ್ಚು ರೋಬಸ್ಟಾ ಬೆಳೆಯೋರು ಅವರೇ. 2024ರಲ್ಲಿ ರೇಟು ದಾಖಲೆ ಮುಟ್ಟಿದ್ದರ ಹಿಂದೆ ಅಲ್ಲಿಯ ಬರವೂ ಇತ್ತು. ಅವರ ತೋಟ ಇರೋದು ಡಾಕ್ ಲಾಕ್ ಅನ್ನೋ ಎತ್ತರದ ಸೀಮೆಯಲ್ಲಿ, ಬುವಾನ್ ಮಾ ಥುವಟ್ ಪಟ್ಟಣದ ಸುತ್ತ. ನಮ್ಮಲ್ಲಿರೋಷ್ಟು ಮರದ ನೆರಳು ಅಲ್ಲಿಲ್ಲ, ಬಿಸಿಲಿಗೇ ನಿಂತ ಗಿಡ. ಫೆಬ್ರವರಿ, ಮಾರ್ಚಲ್ಲಿ ನೀರು ಕೊಟ್ಟು ಹೂ ಬಿಡಿಸ್ತಾರೆ. ನಿಮ್ಮ ದಾರಿಯಲ್ಲಿ ಈ ಊರಿಗೆ ಎರಡು ದಿನ ಇಡು. ಅಪ್ಪನ ಹತ್ರ ಮೊದಲು ಗೆಳತಿಯರ ಜೊತೆ ತಿರುಗಾಡೋಕೆ ಹೋಗ್ತೀನಿ ಅಂತಲೇ ಹೇಳು, ಅದನ್ನ ಅಧ್ಯಯನ ಪ್ರವಾಸ ಮಾಡಬೇಡ, ಅದೂ ಒಂದು ಟ್ರೈನಿಂಗ್ ಕಥೆಯೇ. ಆಮೇಲೆ ‘ಆ ತೋಟಗಳಲ್ಲಿ ಏನು ನೋಡ್ಕೊಂಡು ಬರಲಿ ಅಪ್ಪಾ?’ ಅಂತ ಕೇಳು. ಸುಮ್ಮನಿದ್ದರೆ ಸುಮ್ಮನಿರಲಿ. ನಾಲ್ಕು ದಿನ ಬಿಟ್ಟು ಊಟಕ್ಕೆ ಕೂತಾಗ ‘ಗಿಡಕ್ಕೂ ಗಿಡಕ್ಕೂ ಎಷ್ಟು ಅಡಿ ಬಿಡ್ತಾರೆ ನೋಡು’ ಅಂದರೆ ಗೆದ್ದೆ ಅಂದ್ಕೋ.

ಅಮ್ಮನ ಭಯಕ್ಕೆ ಹೆಚ್ಚು ಬರೆಯಲ್ಲ. ಮಗಳು ಸ್ವಂತ ದುಡ್ಡಲ್ಲಿ ಹನ್ನೆರಡು ದಿನ ಹೋಗಿಬಂದಳು ಅಂತ ಹಿಂದೆ ಸರಿಯೋ ಮನೆಯಾದರೆ ನಿಶ್ಚಿತಾರ್ಥದ ಖರ್ಚು ಉಳೀತು. ‘ಅಲ್ಲಿ ಏನು ತಿಂತೀಯೇ’ ಅಂತ ಕೇಳೇ ಕೇಳ್ತಾರೆ. ‘ಬುನ್’ ಅಂತ ಅಕ್ಕಿ ಶಾವಿಗೆ ಸಿಗುತ್ತೆ, ನಮ್ಮ ಒತ್ತು ಶಾವಿಗೆಯ ದಾಯಾದಿ. ಮೀನು ಬೇಡದಿದ್ದರೆ ‘ಚಾಯ್’ ಅಂತ ಬರೆದಿರೋ ಸಸ್ಯಾಹಾರಿ ಅಂಗಡಿ ಹುಡುಕು, ಉಳಿದ ಕಡೆ ಮೀನಿನ ಸಾಸು ತಪ್ಪಲ್ಲ.

ಒಂದು ವಿಷಯಕ್ಕೆ ಮಾತ್ರ ಹಟ ಹಿಡೀತೀನಿ. ಚಾರ್ಮಾಡಿಯಲ್ಲಿ ಸ್ಕೂಟಿ ಓಡಿಸಿದವಳು ಅನ್ನೋ ಧೈರ್ಯದಲ್ಲಿ ಅಲ್ಲಿ ಬಾಡಿಗೆ ಬೈಕ್ ಹತ್ತಬೇಡ ಮಾರಾಯ್ತಿ. ನಮ್ಮ ಆರ್‌ಟಿಓ ಕೊಡೋ ಇಂಟರ್‌ನ್ಯಾಷನಲ್ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ್ದನ್ನ. ಬಿದ್ದರೆ ಇನ್ಶೂರೆನ್ಸಿನವರು ‘ಲೈಸೆನ್ಸೇ ಇರಲಿಲ್ಲ’ ಅಂತ ಕೈ ತೊಳ್ಕೋತಾರೆ. ಅದರ ಬದಲು ರೈಲು ಹತ್ತು. ಹೋಯಿ ಆನ್ ಕಡೆಯ ಹುಯೆ ಪಟ್ಟಣದಿಂದ ದಾ ನಾಂಗಿಗೆ ಹೈ ವಾನ್ ಘಾಟಿಯ ಬುಡದಲ್ಲಿ ಸಮುದ್ರಕ್ಕೆ ಅಂಟಿಕೊಂಡೇ ರೈಲು ಹೋಗುತ್ತೆ. ಕಿಟಕಿ ಪಕ್ಕ ಕೂರು.

ಇನ್ನೊಂದು, ಅಲ್ಲಿಯ 20 ಸಾವಿರ ಡಾಂಗಿನ ನೋಟೂ 5 ಲಕ್ಷ ಡಾಂಗಿನ ನೋಟೂ ಎರಡೂ ನೀಲಿ. ಮಬ್ಬು ಬೆಳಕಿನ ಟ್ಯಾಕ್ಸಿಯಲ್ಲಿ ಒಂದರ ಬದಲು ಇನ್ನೊಂದು ಕೊಟ್ಟು ಇಳಿದವರು ಬೇಕಾದಷ್ಟು ಜನ. ಪರ್ಸಿನಲ್ಲಿ ಬೇರೆ ಬೇರೆ ಖಾನೆಯಲ್ಲಿಡು.